ನೌಕರಿ ಬೆಂಗಳೂರಿನದು, ಬಿಡಾರ ಲಿಸ್ಬನ್ನಿನದು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಬಂದಮೇಲೆ ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಎಷ್ಟೋ ಮನೆಗಳ ಜಗಲಿಯೇ ಕಚೇರಿಯಾಗಿದೆ. ಅದೇ ಲ್ಯಾಪ್‌ಟಾಪ್ ಹಿಡಿದು ಯುರೋಪಿನ ಒಂದು ರಾಜಧಾನಿಯಲ್ಲಿ ವರ್ಷ ಎರಡು ವರ್ಷ ಇದ್ದು ಬರಬಹುದೇ ಎಂದು ಜಿಲ್ಲೆಯ ಓದುಗರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದಿದ್ದೇವೆ. ಹೆಚ್ಚಿನವರು ಕೇಳಿದ್ದು ಪೋರ್ಚುಗಲ್ ದೇಶದ ರಾಜಧಾನಿ ಲಿಸ್ಬನ್ ಬಗ್ಗೆ. ಹಾಗಾಗಿ ಉತ್ತರಗಳೂ ಬಹುಪಾಲು ಆ ಊರಿನ ಸುತ್ತಲೇ ಇವೆ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಕೆಲಸವನ್ನು ಊರಿನಿಂದಲೇ ಮಾಡುತ್ತಿದ್ದೇನೆ. ಪ್ರವಾಸಿ ವೀಸಾ ಮಾಡಿಸಿ ಲಿಸ್ಬನ್‌ನಲ್ಲಿ ಮೂರು ತಿಂಗಳು ಕೂತು ಇದೇ ಕೆಲಸ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ? ಸರಿಯಾದ ದಾರಿಯೇ ಬೇಕೆಂದರೆ ಯಾವುದಿದೆ?
– ಕುಮಟಾದ ಓದುಗ

ಗೊತ್ತಾಗುವುದು ಎರಡು ಕಡೆ. ಮೊದಲನೆಯದು ಗಡಿ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ದೇಶಗಳು (ಒಂದೇ ವೀಸಾದ ಮೇಲೆ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖ, ಬೆರಳಚ್ಚು ತೆಗೆದುಕೊಂಡು ಬಂದ ದಿನ, ಹೋದ ದಿನವನ್ನು ಕಂಪ್ಯೂಟರಿಗೇ ಏರಿಸತೊಡಗಿವೆ. ಯಾವ ದಿನದಿಂದ ಹಿಂದಕ್ಕೆ 180 ದಿನ ಎಣಿಸಿದರೂ ಒಳಗಿದ್ದ ದಿನಗಳು 90 ದಾಟಬಾರದು. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. "ಮೂರು ತಿಂಗಳು" ಎಂದು ಬಾಯಿಲೆಕ್ಕ ಹಾಕುವವರು ಎಡವುವುದು ಇಲ್ಲೇ. ಜುಲೈ 1ಕ್ಕೆ ಇಳಿದು ಸೆಪ್ಟೆಂಬರ್ 30ಕ್ಕೆ ಹೊರಟರೆ 92 ದಿನ ಆಯಿತು.

ಎರಡನೆಯದು ನಿಮ್ಮದೇ ಕಂಪನಿ. ಕಚೇರಿಯ ಲ್ಯಾಪ್‌ಟಾಪ್ ಯಾವ ದೇಶದ ಜಾಲದಿಂದ ಒಳಬಂತು ಎಂಬ ದಾಖಲೆ ಅವರ ಭದ್ರತಾ ವಿಭಾಗದಲ್ಲಿ ಇದ್ದೇ ಇರುತ್ತದೆ. ಬ್ಯಾಂಕು, ವಿಮೆ, ಆಸ್ಪತ್ರೆಗಳ ಕೆಲಸ ಮಾಡಿಕೊಡುವ ಕಂಪನಿಗಳ ಒಪ್ಪಂದದಲ್ಲಿ ಮಾಹಿತಿಯನ್ನು ಭಾರತದ ಹೊರಗಿನಿಂದ ತೆರೆಯಕೂಡದೆಂಬ ಷರತ್ತು ಇರುವುದು ಸಾಮಾನ್ಯ. ಊರಿನ ಮನೆಯಲ್ಲಿ ರೂಟರ್ ಇಟ್ಟು ವಿಪಿಎನ್ ಮೂಲಕ "ನಾನು ಕುಮಟಾದಲ್ಲೇ ಇದ್ದೇನೆ" ಎಂದು ತೋರಿಸುವ ಉಪಾಯ ದಯವಿಟ್ಟು ಬೇಡ. ಮಳೆಗಾಲದಲ್ಲಿ ಕುಮಟಾದ ಕರೆಂಟು ಹೋದರೆ ಲಿಸ್ಬನ್‌ನಲ್ಲಿ ನಿಮ್ಮ ಕೆಲಸ ನಿಲ್ಲುತ್ತದೆ. ಅದು ಬಿಡಿ, ಸಿಕ್ಕಿಬಿದ್ದ ದಿನ ಕೆಲಸ ಹೋಗುವುದು ಅಲ್ಲಿ ಕೂತಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ.

ಪ್ರವಾಸದ ನಡುವೆ ನಾಲ್ಕು ಇಮೇಲ್ ನೋಡಿದವರನ್ನು ಯಾರೂ ಹಿಡಿಯುವುದಿಲ್ಲ. ಆದರೆ ಪ್ರವಾಸವೆಂದು ಬರೆದುಕೊಟ್ಟು ಕೆಲಸಕ್ಕೇ ಕೂರುವುದು ವೀಸಾದ ಉದ್ದೇಶ ಮೀರಿದಂತೆ. ಒಂದು ದೇಶ ಹಾಕಿದ ತಿರಸ್ಕಾರದ ಷರಾ ಉಳಿದೆಲ್ಲ ಷೆಂಗೆನ್ ದೇಶಗಳಿಗೂ ಕಾಣುತ್ತದೆ.

ಸರಿಯಾದ ದಾರಿ ಇದೆ. ಪೋರ್ಚುಗಲ್ 2022ರ ಅಕ್ಟೋಬರ್ 30ರಿಂದ, ಹೊರದೇಶದ ಸಂಸ್ಥೆಗೆ ದೂರದಿಂದ ಕೆಲಸ ಮಾಡುವವರಿಗೆಂದೇ ವೀಸಾ ಕೊಡುತ್ತಿದೆ. ಇದನ್ನು ಡಿ-8 ಎನ್ನುತ್ತಾರೆ. ಮುಖ್ಯ ಷರತ್ತು ಆದಾಯದ್ದು. ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು, ಕಳೆದ ಮೂರು ತಿಂಗಳ ಸರಾಸರಿಯಲ್ಲಿ ಕಾಣಬೇಕು. 2025ರಲ್ಲಿ ಕನಿಷ್ಠ ವೇತನ 870 ಯೂರೋ ಇತ್ತು, ಆಗ 3,480 ಯೂರೋ ಬೇಕಿತ್ತು. 2026ರಲ್ಲಿ ವೇತನ 920 ಆದ್ದರಿಂದ ಮಿತಿ 3,680ಕ್ಕೆ ಏರಿದೆ. ಯೂರೋಗೆ ನೂರೇ ರೂಪಾಯಿ ಹಿಡಿದರೂ ತಿಂಗಳಿಗೆ 3.68 ಲಕ್ಷ ರೂಪಾಯಿ. ತೋಟದ ಉತ್ಪನ್ನ, ಅಂಗಡಿ ಬಾಡಿಗೆ ಸೇರಿಸಿ ಈ ಅಂಕಿ ಮುಟ್ಟಿಸಲು ಬರುವುದಿಲ್ಲ. ಇದು ದೂರದಿಂದ ಮಾಡುವ ಕೆಲಸದ ಗಳಿಕೆಯೇ ಆಗಿರಬೇಕು. ಬಾಡಿಗೆ, ಪಿಂಚಣಿಯಂಥ ಆದಾಯದವರಿಗೆ ಡಿ-7 ಎಂಬ ಬೇರೆಯೇ ವೀಸಾ ಇದೆ.

ಬೇರೆ ರಾಜಧಾನಿಗಳ ಮಾತು ಚಿಕ್ಕದಾಗಿ. ಎಸ್ಟೋನಿಯ, ಅಂದರೆ ತಾಲಿನ್, 2020ರ ಆಗಸ್ಟ್ 1ರಿಂದ ಇಂಥ ವೀಸಾ ಕೊಡುತ್ತಿದೆ. ತಿಂಗಳ ಆದಾಯದ ಮಿತಿ 4,500 ಯೂರೋ, ವಾಸ ಗರಿಷ್ಠ ಒಂದು ವರ್ಷ. ಅದೇ ದೇಶದ "ಇ-ರೆಸಿಡೆನ್ಸಿ" ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಆ ಕಾರ್ಡಿನಿಂದ ಕಂಪನಿ ತೆರೆಯಬಹುದು, ಅಲ್ಲಿ ವಾಸ ಮಾಡಲಾಗದು. ಹಂಗೇರಿ, ಅಂದರೆ ಬುಡಾಪೆಸ್ಟ್, ಇಂಥವರಿಗೆ ಕೊಡುವ "ಬಿಳಿ ಕಾರ್ಡಿಗೆ" 3,000 ಯೂರೋ ಸಾಕು, ಆದರೆ ಹೆಂಡತಿ ಮಕ್ಕಳನ್ನು ಅದರ ಮೇಲೆ ಕರೆದೊಯ್ಯಲಾಗದು. ಕ್ರೊಯೇಷಿಯ, ಅಂದರೆ ಜಾಗ್ರೆಬ್, ಈ ಗಳಿಕೆಗೆ ತನ್ನ ಆದಾಯ ತೆರಿಗೆ ಹಾಕುವುದಿಲ್ಲ. ತೆರಿಗೆಯೇ ದೊಡ್ಡ ಚಿಂತೆಯಾದವರು ಮೊದಲು ಅದನ್ನೇ ನೋಡಿ. ಬರ್ಲಿನ್ ಆಸೆ ಇರುವವರಿಗೆ ಒಂದು ಮಾತು: ಭಾರತದ ಕಂಪನಿಯ ಸಂಬಳದಾರರಿಗೆಂದು ಜರ್ಮನಿಯಲ್ಲಿ ಇಂಥ ವೀಸಾ ಇಲ್ಲ. ಅಲ್ಲಿರುವ ಸ್ವತಂತ್ರ ವೃತ್ತಿಯ ಪರವಾನಗಿ, ಅಲ್ಲೇ ಗಿರಾಕಿಗಳನ್ನು ಹಿಡಿದವರಿಗೆ.

ಡಿ-8ಕ್ಕೆ ಯಾವ ಯಾವ ಕಾಗದ ಬೇಕು, ಯಾವುದನ್ನು ಮೊದಲು ಮಾಡಿಸಬೇಕು? ನನ್ನ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇದೆ, ತೊಂದರೆಯಾದೀತೇ?
– ಹೊನ್ನಾವರದ ಓದುಗರು

ಕೊನೆಯ ಪ್ರಶ್ನೆಯಿಂದಲೇ ಶುರುಮಾಡೋಣ, ಏಕೆಂದರೆ ಅದನ್ನು ಸರಿಪಡಿಸದೆ ಉಳಿದ ಕಾಗದ ಮಾಡಿಸಿದರೆ ಎಲ್ಲವನ್ನೂ ಎರಡು ಸಲ ಮಾಡಿಸಬೇಕಾಗುತ್ತದೆ. ಅಲ್ಲಿನ ತೆರಿಗೆ ಕಚೇರಿ, ಬ್ಯಾಂಕು, ವಾಸದ ಕಾರ್ಡು, ಯಾವುದರಲ್ಲೂ ಅಡ್ಡಹೆಸರು ಖಾಲಿ ಬಿಡಲು ಬಾರದು. ಒಬ್ಬರು ಹೆಸರನ್ನೇ ಎರಡು ಸಲ ಬರೆಯುತ್ತಾರೆ, ಇನ್ನೊಬ್ಬರು ಅಪ್ಪಯ್ಯನ ಹೆಸರನ್ನು ತಂದು ಕೂರಿಸುತ್ತಾರೆ. ಮೂರು ಕಚೇರಿಯಲ್ಲಿ ನೀವು ಮೂರು ಜನ ಆಗುತ್ತೀರಿ. ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ, ಹೆಸರು ಮತ್ತು ಅಡ್ಡಹೆಸರು ಬೇರೆ ಬೇರೆ ಮಾಡಿಸಿ. ಪದವಿ ಪ್ರಮಾಣಪತ್ರದಲ್ಲಿ "ಜಿ. ಎಸ್." ಎಂದಿದ್ದು ಪಾಸ್‌ಪೋರ್ಟಿನಲ್ಲಿ ಪೂರ್ತಿ ಬಿಡಿಸಿ ಬರೆದಿದ್ದರೆ, ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಿಟ್ಟುಕೊಳ್ಳಿ. ಮದುವೆಯಾದ ಮೇಲೆ ಹೆಸರು ಬದಲಾದ ಹೆಣ್ಣುಮಕ್ಕಳು ಮದುವೆಯ ನೋಂದಣಿ ಪತ್ರವನ್ನೂ ಸೇರಿಸಿ.

ಆಮೇಲೆ ಕಂಪನಿಯ ಪತ್ರ. "ಇವರು ನಮ್ಮ ನೌಕರರು" ಎಂದಷ್ಟೇ ಬರೆದರೆ ಸಾಲದು. ಹುದ್ದೆ, ಸೇರಿದ ದಿನ, ಕಾಯಂ ನೌಕರಿಯೋ ಗುತ್ತಿಗೆಯೋ, ತಿಂಗಳ ಸಂಬಳ ಎಷ್ಟು, ಇವರು ಪೋರ್ಚುಗಲ್‌ನಿಂದ ದೂರದ ಕೆಲಸ ಮಾಡಲು ಕಂಪನಿಯ ಒಪ್ಪಿಗೆ ಇದೆ – ಈ ಮಾತುಗಳು ಸ್ಪಷ್ಟವಾಗಿ ಇರಬೇಕು. ದೇಶದ ಹೆಸರಿಲ್ಲದೆ "ಎಲ್ಲಿಂದಾದರೂ ಕೆಲಸ ಮಾಡಬಹುದು" ಎಂದು ಬರೆಸಿಕೊಂಡು ಹೋದ ಪತ್ರ ಪ್ರಶ್ನೆಗಳನ್ನೇ ಹುಟ್ಟಿಸುತ್ತದೆ. ಜೊತೆಗೆ ನೌಕರಿಯ ಒಪ್ಪಂದ, ಮೂರು ತಿಂಗಳ ಸಂಬಳದ ಚೀಟಿ, ಅದಕ್ಕೆ ತಾಳೆಯಾಗುವ ಬ್ಯಾಂಕ್ ವಿವರ. ಚೀಟಿಯ ಮೊತ್ತಕ್ಕೂ ಖಾತೆಗೆ ಬಿದ್ದ ಮೊತ್ತಕ್ಕೂ ವ್ಯತ್ಯಾಸವಿದ್ದರೆ (ಪಿಎಫ್, ಟಿಡಿಎಸ್ ಕಡಿತ) ಒಂದು ಹಾಳೆಯಲ್ಲಿ ಲೆಕ್ಕ ಬಿಡಿಸಿ ಕೊಡಿ.

ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಸೇವಾ ಜಾಲದ ಮೂಲಕವೇ ಪಡೆಯಬೇಕು. ನಮ್ಮ ಜಿಲ್ಲೆಯವರಿಗೆ ಹುಬ್ಬಳ್ಳಿಯ ಸೇವಾ ಕೇಂದ್ರ ಅನುಕೂಲ. ಠಾಣೆಯಿಂದ ಬರೆಸಿಕೊಂಡ ನಡತೆ ಪತ್ರ ನಡೆಯುವುದಿಲ್ಲ. ಇದನ್ನು ಬೇಗ ಮಾಡಿಸಿಟ್ಟುಕೊಳ್ಳಬೇಡಿ. ಅರ್ಜಿ ಕೊಡುವ ದಿನಕ್ಕೆ ಮೂರು ತಿಂಗಳೊಳಗಿನದಾಗಿರಬೇಕು. ಈ ಪತ್ರಕ್ಕೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ (ಕಾಗದ ಅಸಲಿ ಎಂದು ಹೊರದೇಶದವರು ಒಪ್ಪುವ ದೃಢೀಕರಣ) ನೇರವಾಗಿ ಸಿಗುತ್ತದೆ. ಮದುವೆ, ಜನನ ಪ್ರಮಾಣಪತ್ರಗಳಿಗೆ ಹಾಗಲ್ಲ, ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ಅಪೊಸ್ಟಿಲ್. ಲ್ಯಾಮಿನೇಷನ್ ಮಾಡಿಸಿದ ಪ್ರಮಾಣಪತ್ರದ ಮೇಲೆ ಮುದ್ರೆ ಕೂರುವುದಿಲ್ಲ. ಮಳೆಗಾಲದ ತೇವಕ್ಕೆ ಹೆದರಿ ನಮ್ಮ ಕಡೆ ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸಿಡುವ ರೂಢಿ ಇದೆ. ಅಂಥವರು ಹೊಸ ಪ್ರತಿ ತೆಗೆಸಿ.

ಉಳಿದದ್ದು: ಪೋರ್ಚುಗಲ್‌ನ ತೆರಿಗೆ ಸಂಖ್ಯೆ (ಅಲ್ಲಿ "ನಿಫ್" ಎನ್ನುತ್ತಾರೆ, 9 ಅಂಕಿಯದು), ವಾಸದ ಪುರಾವೆ, ಕನಿಷ್ಠ 30,000 ಯೂರೋ ಭದ್ರತೆಯ ಪ್ರಯಾಣ ವೈದ್ಯಕೀಯ ವಿಮೆ, ಕೈಯಲ್ಲಿ ಉಳಿತಾಯ. ಉಳಿತಾಯಕ್ಕೆ ಒಂದು ವರ್ಷದ ಕನಿಷ್ಠ ವೇತನದಷ್ಟು, ಎಂದರೆ 11,040 ಯೂರೋ ತೋರಿಸಿದರೆ ಅರ್ಜಿ ಗಟ್ಟಿಯಾಗುತ್ತದೆ. ಅರ್ಜಿಯ ಹಿಂದಿನ ವಾರ ಭಾವನಿಂದ ಸಾಲ ತಂದು ತುಂಬಿದ ಮೊತ್ತ ಬ್ಯಾಂಕ್ ವಿವರದಲ್ಲಿ ಕಣ್ಣಿಗೆ ಹೊಡೆಯುತ್ತದೆ.

ವೀಸಾದಲ್ಲಿ ಎರಡು ಬಗೆ. ವರ್ಷದೊಳಗೆ ಮರಳುವವರಿಗೆ ತಾತ್ಕಾಲಿಕ ವಾಸದ್ದು. ಅದಕ್ಕಿಂತ ಹೆಚ್ಚು ಇರುವವರಿಗೆ ನಿವಾಸದ್ದು. ಎರಡನೆಯದು ನಾಲ್ಕು ತಿಂಗಳ, ಎರಡು ಪ್ರವೇಶದ ವೀಸಾ. ಆ ಅವಧಿಯಲ್ಲಿ ಅಲ್ಲಿನ ವಲಸೆ ಸಂಸ್ಥೆ ಐಮಾದ ಮುಂದೆ ಹಾಜರಾಗಿ ಎರಡು ವರ್ಷದ ಕಾರ್ಡಿಗೆ ಬೆರಳಚ್ಚು ಕೊಡಬೇಕು. 2023ರ ಅಕ್ಟೋಬರ್‌ನಲ್ಲಿ ಹಳೆಯ ಸಂಸ್ಥೆಯನ್ನು ಮುಚ್ಚಿ ಇದನ್ನು ಕಟ್ಟಿದಾಗ ಬಾಕಿ ಅರ್ಜಿಗಳ ರಾಶಿಯೂ ಇದರ ಪಾಲಿಗೇ ಬಂತು. ಕಾರ್ಡು ಕೈಸೇರುವ ತನಕ ಊರಿನ ಮದುವೆ, ಮುಂಜಿಗೆ ಟಿಕೆಟ್ ತೆಗೆಸಬೇಡಿ. ಎರಡು ಪ್ರವೇಶದಲ್ಲಿ ಒಂದು ಈಗಾಗಲೇ ಖರ್ಚಾಗಿರುತ್ತದೆ. ನಮ್ಮ ಸಲಹೆ: ಒಂದೇ ವರ್ಷದ ಆಸೆಯಿದ್ದವರು ತಾತ್ಕಾಲಿಕದ್ದನ್ನೇ ಕೇಳಿ, ಕಾರ್ಡಿನ ಓಡಾಟ ತಪ್ಪುತ್ತದೆ.

ಸಂಬಳ ಭಾರತದಲ್ಲೇ ಬೀಳುತ್ತದೆ, ಟಿಡಿಎಸ್ ಇಲ್ಲೇ ಹೋಗುತ್ತದೆ. ಹಾಗಿದ್ದೂ ಪೋರ್ಚುಗಲ್‌ಗೆ ತೆರಿಗೆ ಕಟ್ಟಬೇಕೇ? ಪಿಎಫ್ ಏನಾಗುತ್ತದೆ?
– ಶಿರಸಿಯ ಓದುಗರು

ಕಟ್ಟಬೇಕು. ಹಣ ಎಲ್ಲಿ ಬಿತ್ತು ಎನ್ನುವುದಕ್ಕಿಂತ, ಕೆಲಸ ಮಾಡುವಾಗ ಮೈ ಎಲ್ಲಿತ್ತು ಎನ್ನುವುದು ಮುಖ್ಯ. ಹನ್ನೆರಡು ತಿಂಗಳಲ್ಲಿ 183 ದಿನಕ್ಕಿಂತ ಹೆಚ್ಚು ಅಲ್ಲಿದ್ದರೆ, ಅಥವಾ ಖಾಯಂ ಮನೆ ಮಾಡಿಕೊಂಡರೆ, ಪೋರ್ಚುಗಲ್‌ನ ಕಣ್ಣಿಗೆ ನೀವು ಅಲ್ಲಿನ ನಿವಾಸಿ. ಆಗ ಜಗತ್ತಿನ ಎಲ್ಲ ಆದಾಯವನ್ನೂ ಅಲ್ಲಿ ತೋರಿಸಬೇಕು. ತೆರಿಗೆಯ ಮೇಲಿನ ಹಂತ ಶೇ 48ರ ತನಕ ಹೋಗುತ್ತದೆ. ಹತ್ತು ವರ್ಷದ ರಿಯಾಯಿತಿ ಯೋಜನೆಯೊಂದಿತ್ತು, 2024ರಿಂದ ಹೊಸಬರಿಗೆ ಅದು ಮುಚ್ಚಿದೆ. ಅದರ ಬದಲಿಗೆ ಬಂದದ್ದು ಸಂಶೋಧನೆ ಮತ್ತು ಗುರುತಿಸಿದ ಕೆಲವು ಕ್ಷೇತ್ರಗಳ ಉದ್ಯೋಗಕ್ಕೆ ಮಾತ್ರ. ಇಂಟರ್ನೆಟ್ಟಿನ ಹಳೆಯ ವಿಡಿಯೋಗಳು ಇನ್ನೂ ಹಳೆಯ ಯೋಜನೆಯನ್ನೇ ಹೊಗಳುತ್ತಿವೆ, ನಂಬಿ ಲೆಕ್ಕ ಹಾಕಬೇಡಿ.

ಇತ್ತ ಭಾರತದ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್. ಆ ಅವಧಿಯಲ್ಲಿ 182 ದಿನ ಇಲ್ಲಿದ್ದರೆ ನೀವು ಇಲ್ಲಿಯ ನಿವಾಸಿಯೇ. ಅಕ್ಟೋಬರ್ ಮೊದಲ ವಾರ ಹೊರಟವರು ಆ ವರ್ಷ ಎರಡೂ ದೇಶಗಳ ಬಲೆಯಲ್ಲಿ ಸಿಗಬಹುದು. ಇನ್ನೊಂದು ಸೂಕ್ಷ್ಮವಿದೆ. ಆ ವರ್ಷ 60 ದಿನ, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೂ ನಿವಾಸಿ ಎಂಬ ನಿಯಮವಿದೆ. ಹೊರದೇಶದಲ್ಲಿ ಉದ್ಯೋಗಕ್ಕೆಂದು ಹೊರಟವರಿಗೆ ಈ 60ರ ಬದಲು 182 ದಿನ. ಆದರೆ ಭಾರತದ ಕಂಪನಿಯ ಅದೇ ಕೆಲಸವನ್ನು ಹೊತ್ತುಕೊಂಡು ಹೋದವರಿಗೆ ಈ ವಿನಾಯಿತಿ ಸಲ್ಲುತ್ತದೆಯೇ ಎಂಬಲ್ಲೇ ವಾದ ಹುಟ್ಟುತ್ತದೆ. ಕಂಪನಿಯ ಆದೇಶದ ಒಕ್ಕಣೆಯನ್ನು ಹೊರಡುವ ಮೊದಲೇ ಲೆಕ್ಕಪರಿಶೋಧಕರಿಗೆ ತೋರಿಸಿ.

ಎರಡೂ ಕಡೆ ಪೂರ್ತಿ ಕಟ್ಟಬೇಕಾಗಿಲ್ಲ. ಭಾರತ–ಪೋರ್ಚುಗಲ್ ನಡುವೆ ಎರಡು ತೆರಿಗೆ ತಪ್ಪಿಸುವ ಒಪ್ಪಂದವಿದೆ. ಒಂದು ಕಡೆ ಕಟ್ಟಿದ್ದನ್ನು ಇನ್ನೊಂದು ಕಡೆ ಕಳೆಯಬಹುದು. ಪೆಟ್ಟು ಬೀಳುವುದು ಕಾಲದ ವ್ಯತ್ಯಾಸದಿಂದ. ಅಲ್ಲಿನ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್, ವಿವರ ಸಲ್ಲಿಸುವುದು ಮುಂದಿನ ಏಪ್ರಿಲ್ 1ರಿಂದ ಜೂನ್ 30ರೊಳಗೆ. ಇಲ್ಲಿ ತಿಂಗಳು ತಿಂಗಳು ಟಿಡಿಎಸ್ ಹೋಗಿರುತ್ತದೆ, ಅಲ್ಲಿ ಒಟ್ಟಿಗೆ ಕಟ್ಟು ಎನ್ನುತ್ತಾರೆ, ಇಲ್ಲಿಯ ಮರುಪಾವತಿ ಬರುವುದು ಆಮೇಲೆ. ನಡುವಿನ ತಿಂಗಳುಗಳಿಗೆ ಕೈಯಲ್ಲಿ ಹಣ ಬೇಕು. ಪ್ರತಿ ತಿಂಗಳ ಸಂಬಳ ಚೀಟಿ, ಬೋರ್ಡಿಂಗ್ ಪಾಸ್, ಬಾಡಿಗೆ ರಸೀದಿ ಇಟ್ಟುಕೊಂಡವರಿಗೆ ದಿನದ ಲೆಕ್ಕ ಕೊಡುವುದು ಕಷ್ಟವಲ್ಲ.

ಪಿಎಫ್ ವಿಷಯದಲ್ಲಿ ಪೋರ್ಚುಗಲ್ ಅನುಕೂಲದ ದೇಶ. ಎರಡು ದೇಶಗಳ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಕಂಪನಿ ನಿಮ್ಮನ್ನು ಅಲ್ಲಿಗೆ ನಿಯೋಜಿಸಿದೆ ಎಂದು ಬರೆದುಕೊಟ್ಟು ಪಿಎಫ್ ನೋಡಿಕೊಳ್ಳುವ ಸಂಸ್ಥೆ ಇಪಿಎಫ್‌ಒದಿಂದ "ಕವರೇಜ್ ಸರ್ಟಿಫಿಕೇಟ್" ತೆಗೆಸಿದರೆ ಪಿಎಫ್ ಇಲ್ಲೇ ಮುಂದುವರಿಯುತ್ತದೆ, ಅಲ್ಲಿ ಮತ್ತೆ ಕಟ್ಟುವುದು ತಪ್ಪುತ್ತದೆ. ಅರ್ಜಿ ಹಾಕಬೇಕಾದದ್ದು ಕಂಪನಿ. ಹೊರಡುವ ಮೊದಲೇ ಕೇಳಿ, ಅಲ್ಲಿ ಹೋದಮೇಲೆ ನೆನಪಿಸಿದರೆ ಎಚ್‌ಆರ್ ವಿಭಾಗದಲ್ಲಿ ಕಡತ ಅಲುಗುವುದಿಲ್ಲ.

ಕಂಪನಿಗಳು ಒಪ್ಪಿಗೆ ಕೊಡಲು ಹಿಂಜರಿಯುವುದಕ್ಕೂ ನ್ಯಾಯವಾದ ಕಾರಣವಿದೆ. ನೀವು ಅಲ್ಲಿ ಕೂತು ವ್ಯವಹಾರ ಕುದುರಿಸಿ ಸಹಿ ಹಾಕಿದರೆ, ಕಂಪನಿಯದ್ದೇ ಒಂದು ಶಾಖೆ ಅಲ್ಲಿದೆ ಎಂದು ಪೋರ್ಚುಗಲ್ ಲಾಭದ ಮೇಲೂ ತೆರಿಗೆ ಕೇಳಬಹುದು. "ಕಂಪನಿಯ ಪರವಾಗಿ ಒಪ್ಪಂದ ಮಾಡುವ ಅಧಿಕಾರ ಇವರಿಗಿಲ್ಲ" ಎಂಬ ಒಂದು ಸಾಲನ್ನು ನೀವೇ ಪತ್ರದ ಕರಡಿನಲ್ಲಿ ಸೇರಿಸಿ ಕೊಟ್ಟರೆ ಅರ್ಧ ಗೋಡೆ ಇಳಿಯುತ್ತದೆ.

ಅಡಿಕೆ ತೋಟದಲ್ಲಿ ನನ್ನ ಪಾಲಿನ ಪೌತಿ ಖಾತೆ ಆಗಬೇಕಿದೆ. ಹೊರಗೆ ಹೋದರೆ ಹಕ್ಕಿಗೆ ಧಕ್ಕೆಯೇ? ಊರಿನ ಬ್ಯಾಂಕ್ ಖಾತೆ?
– ಸಿದ್ದಾಪುರದ ಓದುಗ

ಧಕ್ಕೆಯಿಲ್ಲ. ಅನಿವಾಸಿಯಾದವರು ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ಪಿತ್ರಾರ್ಜಿತವಾಗಿ ಬಂದದ್ದನ್ನು, ನಿವಾಸಿಯಾಗಿದ್ದಾಗ ಕೊಂಡದ್ದನ್ನು ಉಳಿಸಿಕೊಳ್ಳಬಹುದು. ಪೌತಿ ಖಾತೆಗೆ ಸಹಿ, ಹೇಳಿಕೆ ಬೇಕಾಗುವುದರಿಂದ ಹೊರಡುವ ಮೊದಲು ಉಪನೋಂದಣಿ ಕಚೇರಿಯಲ್ಲಿ ತಮ್ಮನಿಗೋ ಆಯಿಗೋ ಅಧಿಕಾರ ಪತ್ರ ಮಾಡಿಕೊಡಿ. ಸರ್ವೆ ನಂಬರ್, ಯಾವ ಕೆಲಸಕ್ಕೆ ಅಧಿಕಾರ ಎಂಬುದನ್ನು ಬಿಡಿಸಿ ಬರೆಸಿ. "ಎಲ್ಲದಕ್ಕೂ" ಎಂಬ ಪತ್ರ ಬೇಡ. ಅಲ್ಲಿಂದ ಮಾಡಿ ಕಳಿಸುವುದಾದರೆ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ, ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಆ ಗಡುವು ಮರೆತ ಪತ್ರ ಕಚೇರಿಯಲ್ಲಿ ನಿಲ್ಲುವುದಿಲ್ಲ.

ವಿದೇಶಿ ವಿನಿಮಯ ಕಾಯ್ದೆಯಂತೆ ನೀವು ಅನಿವಾಸಿಯಾದರೆ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಮಾಡಿಸಬೇಕು. ಇದು ಆದಾಯ ತೆರಿಗೆಯ ದಿನ ಎಣಿಕೆಯಿಂದ ಬೇರೆಯದೇ ಲೆಕ್ಕ. ಹಳೆಯ ಪಿಪಿಎಫ್ ಅವಧಿ ಮುಗಿಯುವ ತನಕ ನಡೆಸಬಹುದು, ಹೊಸದು ತೆರೆಯಲು ಬರುವುದಿಲ್ಲ.

ಬೆಂಗಳೂರಿನ ಕಚೇರಿ ವೇಳೆಗೆ ಅಲ್ಲಿ ಎಷ್ಟು ಗಂಟೆಗೆ ಏಳಬೇಕು?
– ಅಂಕೋಲಾದ ಓದುಗರು

ಬೇಸಿಗೆಯಲ್ಲಿ ಲಿಸ್ಬನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ನಮ್ಮ ಬೆಳಿಗ್ಗೆ 9.30 ಎಂದರೆ ಅಲ್ಲಿ ಚಳಿಗಾಲದ ನಸುಕಿನ 4 ಗಂಟೆ. ತಾಲಿನ್‌ನಲ್ಲಿ ಅದೇ 6 ಗಂಟೆ, ಬೇಸಿಗೆಯಲ್ಲಿ 7. ಬೆಂಗಳೂರಿನ ತಂಡದ ಜೊತೆಗೇ ದಿನವಿಡೀ ಕೆಲಸ ಇರುವವರಿಗೆ ತಾಲಿನ್, ಅಥೆನ್ಸ್ ಕಡೆ ಲೇಸು. ಅಮೆರಿಕದ ಗಿರಾಕಿಗಳಿದ್ದವರಿಗೆ ಲಿಸ್ಬನ್ ವರ. ನ್ಯೂಯಾರ್ಕಿನ 9 ಗಂಟೆಯ ಸಭೆ ಅಲ್ಲಿ ಮಧ್ಯಾಹ್ನ 2ಕ್ಕೆ. ಯುರೋಪು ಗಡಿಯಾರ ತಿರುಗಿಸುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. ನಡುವಿನ ವಾರಗಳಲ್ಲಿ ಸಭೆಗಳು ಒಂದು ಗಂಟೆ ಆಚೀಚೆ ಆಗುತ್ತವೆ. ಕ್ಯಾಲೆಂಡರಿನಲ್ಲಿ ಮೂಲ ವೇಳೆಯನ್ನು ಭಾರತದ ಸಮಯಕ್ಕೇ ಕಟ್ಟಿಡಿ.

ತಾಲಿನ್‌ಗೆ ಹೊರಟವರಿಗೆ ಇನ್ನೊಂದು ಮಾತು. ಡಿಸೆಂಬರ್‌ನಲ್ಲಿ ಅಲ್ಲಿ ಹಗಲು ಆರು ಗಂಟೆಯಷ್ಟೇ. ಒಂಬತ್ತು ಕಳೆದ ಮೇಲೆ ಬೆಳಕು, ಮೂರೂವರೆಗೆಲ್ಲ ಕತ್ತಲೆ. ಕೆಲಸ ಮುಗಿಸಿ ಹೊರಬಂದರೆ ಸೂರ್ಯನಿರುವುದಿಲ್ಲ. ಮಧ್ಯಾಹ್ನದ ಬಿಡುವನ್ನು ಹೊರಗೆ ನಡೆಯಲಿಕ್ಕೇ ಇಡಿ.

ವೀಸಾಕ್ಕೆ ಮನೆ ತೋರಿಸಬೇಕಂತೆ. ಹೋಗದೆ ಮನೆ ಹಿಡಿಯುವುದು ಹೇಗೆ? ಮೋಸ ಹೋಗದಂತೆ ಏನು ನೋಡಬೇಕು?
– ಕಾರವಾರದ ಓದುಗರು

ಹೆಚ್ಚು ಜನ ಹಣ ಕಳೆದುಕೊಳ್ಳುವುದು ಇಲ್ಲೇ. ನಮ್ಮಲ್ಲಿ ಪಹಣಿ ನೋಡದೆ ಜಾಗಕ್ಕೆ ಮುಂಗಡ ಕೊಡುವುದಿಲ್ಲವಷ್ಟೆ, ಅಲ್ಲಿಯೂ ಅಂಥದೊಂದು ಕಾಗದವಿದೆ. "ಕಡೆರ್ನೆಟಾ ಪ್ರೆಡಿಯಲ್" ಎನ್ನುತ್ತಾರೆ. ಕಟ್ಟಡ, ಅದರ ಒಡೆಯ, ಒಡೆಯನ ತೆರಿಗೆ ಸಂಖ್ಯೆ ಎಲ್ಲ ಅದರಲ್ಲಿರುತ್ತದೆ. ಅದರಲ್ಲಿನ ಹೆಸರು, ಒಪ್ಪಂದದ ಹೆಸರು, ಹಣ ಹೋಗುವ ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಇರಬೇಕು. "ನಾನು ಲಂಡನ್ನಿನಲ್ಲಿದ್ದೇನೆ, ಕೀಲಿಯನ್ನು ಕೊರಿಯರ್ ಮಾಡುತ್ತೇನೆ" ಎನ್ನುವವರಿಗೆ ಒಂದು ಯೂರೋ ಕೂಡ ಕಳಿಸಬೇಡಿ.

ಎರಡನೆಯದಾಗಿ, ಒಪ್ಪಂದವನ್ನು ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿ ತಿಂಗಳು ತಿಂಗಳು ವಿದ್ಯುನ್ಮಾನ ಬಾಡಿಗೆ ರಸೀದಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ತೆರಿಗೆ ಉಳಿಸಲು ಕೈಸಾಲದಂತೆ ರಸೀದಿಯಿಲ್ಲದೆ ಬಾಡಿಗೆ ಕೊಡಿ ಎನ್ನುವ ಮನೆ ಎಷ್ಟು ಚಂದವಿದ್ದರೂ ನಿಮಗೆ ಬೇಡ. ಆ ನೋಂದಣಿ ಇಲ್ಲದ ವಿಳಾಸ ಮುಂದೆ ಕಾರ್ಡಿಗೂ ಬರುವುದಿಲ್ಲ, ವಾಸದ ದೃಢೀಕರಣಕ್ಕೂ ಬರುವುದಿಲ್ಲ. ಕಾನೂನಿನಂತೆ ಎರಡು ತಿಂಗಳ ಮುಂಗಡ ಬಾಡಿಗೆ, ಎರಡು ತಿಂಗಳ ಠೇವಣಿಗಿಂತ ಹೆಚ್ಚು ಕೇಳುವಂತಿಲ್ಲ. ಆದರೂ ಸ್ಥಳೀಯ ಜಾಮೀನುದಾರರಿಲ್ಲದ ಹೊರಗಿನವರಿಂದ ಆರು ತಿಂಗಳ ಬಾಡಿಗೆ ಕೇಳುವವರಿದ್ದಾರೆ. ಸಂಬಳ ಚೀಟಿ, ಕಂಪನಿಯ ಪತ್ರ ಮುಂದಿಟ್ಟು ಮಾತನಾಡಿ.

ಜಾಹೀರಾತಿನಲ್ಲಿ ಟಿ-0, ಟಿ-1, ಟಿ-2 ಎಂದಿರುತ್ತದೆ. ಅಂಕಿ ಮಲಗುವ ಕೋಣೆಗಳದ್ದು. ಟಿ-0 ಎಂದರೆ ಎಲ್ಲವೂ ಒಂದೇ ಕೋಣೆಯಲ್ಲಿ. ನಸುಕಿನಲ್ಲೇ ಸಭೆಗಳಿದ್ದು ಮನೆಯಲ್ಲಿ ಇನ್ನೊಬ್ಬರು ಮಲಗುವವರಿದ್ದರೆ ಟಿ-1 ಬೇಕೇ ಬೇಕು. ಅಲ್ಫಾಮಾ, ಗ್ರಾಸಾದಂಥ ಹಳೆಯ ಗುಡ್ಡದ ಕೇರಿಗಳು ಫೋಟೊದಲ್ಲಿ ಚಂದ. ಲಿಫ್ಟಿಲ್ಲದ ಮೆಟ್ಟಿಲು, ತೆಳು ಗೋಡೆ, ಪ್ರವಾಸಿಗರ ಗಾಲಿ ಪೆಟ್ಟಿಗೆಯ ಗಡಗಡ ಫೋಟೊದಲ್ಲಿ ಕಾಣುವುದಿಲ್ಲ. ಒಡಿವೆಲಾಸ್, ಅಮಡೋರಾಗಳಿಗೆ ಮೆಟ್ರೋ ಇದೆ. ತೇಜೋ ನದಿಯ ಆಚೆ ದಂಡೆಯ ಅಲ್ಮಾಡಾದಿಂದ ದೋಣಿ ಹಿಡಿದರೆ ನೇರ ಊರ ನಡುವಿಗೆ. ಇಡೀ ಮಹಾನಗರ ಪ್ರದೇಶದ ಬಸ್ಸು, ಮೆಟ್ರೋ, ರೈಲು, ದೋಣಿಗೆ ತಿಂಗಳ ಪಾಸ್ 40 ಯೂರೋ, ಲಿಸ್ಬನ್ ನಗರದೊಳಗೆ ಮಾತ್ರವಾದರೆ 30. ದಿನಾ ಕಚೇರಿಗೆ ಹೋಗುವ ಕೆಲಸವಿಲ್ಲದವರು ನಡುಪೇಟೆಯ ಬಾಡಿಗೆ ಕೊಡುವುದರಲ್ಲಿ ಅರ್ಥವಿಲ್ಲ.

ಲಿಸ್ಬನ್ ಮನೆಗಳಲ್ಲಿ ಚಳಿ ಜಾಸ್ತಿಯಂತೆ, ಹೀಟರ್ ಹಾಕಿದರೆ ಕರೆಂಟು ಹೋಗುತ್ತದಂತೆ. ಕಾರಣವೇನು? ನಮ್ಮ ಮಿಕ್ಸರ್, ಕುಕ್ಕರ್ ಒಯ್ಯಬಹುದೇ?
– ಯಲ್ಲಾಪುರದ ಓದುಗರು

ಕರೆಂಟು ಹೋಗುವುದಲ್ಲ, ಮನೆಗೆ ಬರೆಸಿಕೊಂಡ ಮಿತಿ ದಾಟಿ ಮೀಟರ್ ಕಡಿದುಕೊಳ್ಳುವುದು. ಅಲ್ಲಿ ಪ್ರತಿ ಮನೆಯ ಸಂಪರ್ಕಕ್ಕೆ ಒಪ್ಪಂದದ ಸಾಮರ್ಥ್ಯ ಇರುತ್ತದೆ, ಬಿಲ್ಲಿನ ಮೇಲೇ ಬರೆದಿರುತ್ತಾರೆ. ಸಣ್ಣ ಮನೆಗಳಿಗೆ ಸಾಮಾನ್ಯವಾಗಿ 3.45 ಕೆವಿಎ, ಎಂದರೆ ಹೆಚ್ಚುಕಡಿಮೆ 3,450 ವ್ಯಾಟ್. 230 ವೋಲ್ಟಿಗೆ ಅದು 15 ಆಂಪಿಯರ್. ಈಗ ಕೂಡಿಸಿ ನೋಡಿ. ಇಂಡಕ್ಷನ್ ಒಲೆ 2,000 ವ್ಯಾಟ್, ಎಣ್ಣೆ ತುಂಬಿದ ಹೀಟರ್ 1,500. ಎರಡಕ್ಕೇ 3,500 ಆಯಿತು, ಮಿತಿ ದಾಟಿತು. ಮೇಲೆ ಚಹಾಕ್ಕೆಂದು ಕೆಟಲ್ ಒತ್ತಿದರೆ ಇನ್ನೂ 2,000. ಮನೆಯೆಲ್ಲ ಕತ್ತಲೆ, ರೂಟರ್ ಸತ್ತಿತು, ಸಭೆಯಿಂದ ನೀವು ಹೊರಗೆ. ಪರಿಹಾರ ಸುಲಭ. ಮೀಟರಿನ ಒಪ್ಪಂದವನ್ನು ವಿದ್ಯುತ್ ಕಂಪನಿಗೆ ಹೇಳಿ 4.6 ಅಥವಾ 6.9 ಕೆವಿಎಗೆ ಏರಿಸಿ. ತಿಂಗಳ ನಿಗದಿ ಶುಲ್ಕ ಸ್ವಲ್ಪ ಹೆಚ್ಚುತ್ತದೆ. ಸಂಪರ್ಕ ಮಾಲೀಕರ ಹೆಸರಿನಲ್ಲಿದ್ದರೆ ಏರಿಸುವವರೂ ಅವರೇ. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಹಳೆಯ ಬಿಲ್ ಕೇಳಿ ನೋಡಿ. ಹಳೆಯ ತಂತಿಯ ಮನೆಯಾದರೆ ಏರಿಸುವ ಮುನ್ನ ಎಲೆಕ್ಟ್ರಿಷಿಯನ್ ನೋಡಲಿ.

ರೂಟರಿಗೆ ನಮ್ಮೂರಲ್ಲಿ ಬಳಸುವ 12 ವೋಲ್ಟಿನ ಪುಟ್ಟ ಯುಪಿಎಸ್ ಅಲ್ಲೂ ನಡೆಯುತ್ತದೆ. ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದಿದೆಯೇ, ಆಂಪಿಯರ್ ಹೊಂದುತ್ತದೆಯೇ ನೋಡಿಕೊಳ್ಳಿ. ಆದರೆ 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಎರಡೂ ಪೂರ್ತಿ ಕತ್ತಲಾದಾಗ ಮೊಬೈಲ್ ಜಾಲವೂ ಕೈಕೊಟ್ಟಿತ್ತು. ಅಂಥ ದಿನ ತಂಡದಲ್ಲಿ ನಿಮ್ಮ ಕೆಲಸ ಯಾರು ಹಿಡಿಯಬೇಕೆಂದು ಮೊದಲೇ ಬರೆದಿಡುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಚಳಿಯ ಮಾತು. ಹೊರಗೆ ಹಿಮ ಬೀಳುವ ಊರಲ್ಲ ಅದು. ಬರ್ಲಿನ್, ತಾಲಿನ್‌ಗಳಲ್ಲಿ ಮನೆಯೊಳಗೆ ಬೆಚ್ಚಗಿರುತ್ತದೆ, ಲಿಸ್ಬನ್‌ನ ಹಳೆಯ ಮನೆಗಳಲ್ಲಿ ಬಿಸಿ ಕೊಳವೆಯ ವ್ಯವಸ್ಥೆಯೇ ಇಲ್ಲ, ಕಿಟಕಿಗೆ ಒಂದೇ ಪದರದ ಗಾಜು. ನವೆಂಬರ್‌ನಿಂದ ಮಾರ್ಚ್ ತನಕ ಅಲ್ಲಿ ಮಳೆಗಾಲವೂ ಹೌದು. ಘಟ್ಟದ ಮೇಲಿನವರಿಗೆ ಬೂಸಲು ಹೊಸದಲ್ಲ, ಆದರೆ ನಮ್ಮದು ಬೆಚ್ಚನೆಯ ತೇವ, ಅಲ್ಲಿನದು ತಣ್ಣನೆಯದು. ಅನ್ನ ಬೇಯುವ ಹಬೆ, ಸ್ನಾನದ ಹಬೆ, ಒಳಗೆ ಹರವಿದ ಬಟ್ಟೆಯ ತೇವ ತಣ್ಣಗಿನ ಹೊರಗೋಡೆಗೆ ತಾಗಿ ನೀರಾಗುತ್ತದೆ, ಬೀರುವಿನ ಹಿಂದೆ ಕಪ್ಪು ಬೂಸಲು ಏಳುತ್ತದೆ. ಕಿಟಕಿ ಮುಚ್ಚಿ ಹೀಟರ್ ಹಾಕಿಕೊಂಡಷ್ಟೂ ಇದು ಹೆಚ್ಚುತ್ತದೆ. ಬೆಳಿಗ್ಗೆ ಸಂಜೆ ಹತ್ತು ಹತ್ತು ನಿಮಿಷ ಎದುರುಬದುರಿನ ಎರಡು ಕಿಟಕಿ ತೆರೆಯಿರಿ. ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ಸರಿಸಿ. ದಿನಕ್ಕೆ 10–12 ಲೀಟರ್ ನೀರು ಹೀರುವ ತೇವ ತೆಗೆಯುವ ಯಂತ್ರ ಕೊಳ್ಳಿ. ಹೀಟರಿಗಿಂತ ಮೊದಲು ಕೊಳ್ಳಬೇಕಾದದ್ದು ಅದು. ಮನೆ ಹುಡುಕುವಾಗಲೇ ದಕ್ಷಿಣಕ್ಕೆ ಮುಖವಿರುವ, ಮೇಲಿನ ಮಹಡಿಯ ಮನೆ ನೋಡಿ. ಹೊಸ ಸುಣ್ಣದ ವಾಸನೆ ಬರುವ ಮನೆಯಲ್ಲಿ ಮೂಲೆಗಳನ್ನು ಮುಟ್ಟಿ ನೋಡಿ, ಬಣ್ಣದಡಿ ಬೂಸಲು ಅಡಗಿರುತ್ತದೆ.

ಮಿಕ್ಸರ್ ಧಾರಾಳವಾಗಿ ಒಯ್ಯಿರಿ. ಅಲ್ಲೂ 230 ವೋಲ್ಟ್, 50 ಹರ್ಟ್ಸ್. ನಮ್ಮ ಮೂರು ಪಿನ್ನಿನ ಪ್ಲಗ್ ಮಾತ್ರ ಅಲ್ಲಿ ಕೂರುವುದಿಲ್ಲ. ನೆಲತಂತಿ ಸಹಿತವಾದ ಅಡಾಪ್ಟರ್ ಕೊಳ್ಳಿ, ಎರಡೇ ಪಿನ್ನಿನ ಅಗ್ಗದ ಅಡಾಪ್ಟರಿಗೆ ಮಿಕ್ಸರ್ ಹಾಕಬೇಡಿ. ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯಲ್ಲಿ ಬಿಸಿಯಾಗುವುದೇ ಇಲ್ಲ. ತಳಕ್ಕೆ ಅಯಸ್ಕಾಂತ ಹಚ್ಚಿ ನೋಡಿ, ಕಚ್ಚಿದರೆ ಒಯ್ಯಿರಿ.

ಗೋವಾದ ಕಾಣಕೋಣದ ನಮ್ಮ ನೆಂಟರಿಗೆ ಪೋರ್ಚುಗೀಸ್ ಪಾಸ್‌ಪೋರ್ಟ್ ಸಿಕ್ಕಿದೆ. ಗಡಿಯ ಈಚೆಯ ನಮಗೂ ಸಿಗುತ್ತದೆಯೇ?
– ಸದಾಶಿವಗಡದ ಓದುಗ

ನೆಂಟಸ್ತಿಕೆಯಿಂದ ಸಿಗುವುದಿಲ್ಲ. ಅದು 1961ರ ಡಿಸೆಂಬರ್‌ಗೆ ಮೊದಲು ಗೋವಾ, ದಮನ್, ದಿಯುಗಳಲ್ಲಿ ಹುಟ್ಟಿದವರು ಮತ್ತು ಅವರ ಸಂತತಿಗೆ ಸೇರಿದ ಹಕ್ಕು. ನಿಮ್ಮ ತಂದೆಯೋ ತಾಯಿಯೋ ಅಲ್ಲಿ ಹುಟ್ಟಿದ ದಾಖಲೆಯಿದ್ದರೆ ವಿಚಾರಿಸಬಹುದು. ಆದರೆ ಪೋರ್ಚುಗೀಸ್ ಪೌರತ್ವ ಪಡೆದ ಕ್ಷಣಕ್ಕೆ ಭಾರತದ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ಎರಡು ವರ್ಷದ ವಾಸಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ.

ಊರಿನಿಂದ ಏನೇನು ತಿನಿಸು ಒಯ್ಯಬಹುದು? ಆಯಿ ತುಪ್ಪ, ಒಣಮೀನು, ಅಪ್ಪೆಮಿಡಿ ಎಲ್ಲ ಕಟ್ಟಿಕೊಡುತ್ತೇನೆ ಎನ್ನುತ್ತಾರೆ.
– ಗೋಕರ್ಣದ ಓದುಗರು

ತುಪ್ಪ ಬೇಡ. ಯುರೋಪಿಯನ್ ಒಕ್ಕೂಟದೊಳಗೆ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ದನದ ರೋಗಗಳು ಹರಡದಿರಲೆಂದು ಮಾಡಿದ ನಿಯಮವದು. ಪೇಡೆ, ಖೋವಾದ ಸಿಹಿ, ಹಾಲಿನ ಪುಡಿ ಎಲ್ಲ ಅದರಲ್ಲೇ ಬಂತು. ಒಣಮೀನಿಗೆ ಅಡ್ಡಿಯಿಲ್ಲ, 20 ಕಿಲೋ ತನಕ ಬಿಡುತ್ತಾರೆ. ವಾಸನೆ ಹೊರಬರದಂತೆ ಎರಡು ಪದರ ಗಾಳಿ ತೆಗೆದ ಚೀಲದಲ್ಲಿ ಕಟ್ಟಿ. ಜೇನು 2 ಕಿಲೋ ತನಕ. ಹಸಿ ಹಣ್ಣು, ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕರಿಬೇವು, ಮಾವು, ಲಿಂಬೆ ಅಲ್ಲೇ ಕಸದ ಬುಟ್ಟಿಗೆ ಹೋಗುತ್ತವೆ. ಈ ಪ್ರಮಾಣಪತ್ರದಿಂದ ವಿನಾಯಿತಿ ಪಡೆದ ಐದೇ ಹಣ್ಣುಗಳಲ್ಲಿ ತೆಂಗಿನಕಾಯಿ, ಬಾಳೆ, ಅನಾನಸು ಇವೆ. ಆದರೆ ಒಣ ಕೊಬ್ಬರಿಯನ್ನು ತಾನಾಗಿ ಬಿಸಿಯೇರುವ ಸರಕೆಂದು ವಿಮಾನ ನಿಯಮಗಳು ಎಣಿಸುತ್ತವೆ. ನಮ್ಮ ನಿಲ್ದಾಣದಲ್ಲೇ ಪೆಟ್ಟಿಗೆಯಿಂದ ತೆಗೆಸುತ್ತಾರೆ.

ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ, ಸಾರಿನ ಪುಡಿ ಒಯ್ಯಬಹುದು. ತೊಡದೇವಿಗೆ ತುಪ್ಪ ಹಚ್ಚಿಸದೆ ಮಾಡಿಸಿ. ಜೋನಿಬೆಲ್ಲದ ಡಬ್ಬಿಯನ್ನು ಕಂಠದ ತನಕ ತುಂಬಬೇಡಿ, ಒಂದಂಗುಲ ಬಿಟ್ಟು ಮುಚ್ಚಿ, ಮುಚ್ಚಳಕ್ಕೆ ಟೇಪು ಸುತ್ತಿ ಬಟ್ಟೆಯ ನಡುವೆ ನೆಟ್ಟಗೆ ಇಡಿ. ಮನೆಯಲ್ಲಿ ಕಟ್ಟಿದ ಪೊಟ್ಟಣಗಳ ಮೇಲೆ ಇಂಗ್ಲಿಷಿನಲ್ಲಿ ಏನೆಂದು ಬರೆದು ಅಂಟಿಸಿದರೆ ತಪಾಸಣೆ ಬೇಗ ಮುಗಿಯುತ್ತದೆ. ಅನುಮಾನವಿದ್ದರೆ ನಿಲ್ದಾಣದ ಕಸ್ಟಮ್ಸ್ ತಪಾಸಣೆಯ ಕೆಂಪು ದಾರಿಯಲ್ಲಿ ಹೋಗಿ ತೋರಿಸಿ. ತೋರಿಸಿದ್ದನ್ನು ಬಿಟ್ಟುಬರಬೇಕಾದೀತು ಅಷ್ಟೆ, ಬಚ್ಚಿಟ್ಟದ್ದು ಸಿಕ್ಕರೆ ದಂಡವೂ ಬೀಳುತ್ತದೆ.

ಅಕ್ಕಿ, ಉದ್ದು, ಹಸಿ ಕರಿಬೇವು ಹೊತ್ತೊಯ್ಯುವ ಅಗತ್ಯವಿಲ್ಲ. ಲಿಸ್ಬನ್‌ನ ಮಾರ್ತಿಂ ಮೊನಿಜ್ ಸುತ್ತಲಿನ ದಕ್ಷಿಣ ಏಷ್ಯಾದವರ ಅಂಗಡಿಗಳಲ್ಲಿ ಸಿಗುತ್ತವೆ. ಕರಾವಳಿಯವರಿಗೆ ಮೀನಿನ ಚಿಂತೆಯೂ ಇಲ್ಲ. ಬಂಗಡೆಯ ಜಾಗದಲ್ಲಿ "ಕವಾಲಾ", ತಾರ್ಲೆಯ ಜಾಗದಲ್ಲಿ "ಸಾರ್ಡಿನ್ಯಾ" ಕೇಳಿ. ಮೀನುಸಾರಿಗೆ ಹಾಕುವ ಒಣ ಮುರುಗಲು ಸಿಪ್ಪೆಯನ್ನು ಮಾತ್ರ ವರ್ಷಕ್ಕಾಗುವಷ್ಟು ಊರಿನಿಂದಲೇ ಒಯ್ಯಿರಿ. ಉಪ್ಪು ಸವರಿ ಒಣಗಿಸಿದ್ದು ಅರ್ಧ ಕಿಲೋ ಇದ್ದರೆ ಇಬ್ಬರಿಗೆ ಧಾರಾಳ. ಅಲ್ಲಿನ ತೇವಕ್ಕೆ ಮೆತ್ತಗಾಗುತ್ತದೆ, ಗಾಜಿನ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ.